ಹಳೇ ಕಾರಿನ ಸ್ಪೀಡೋಮೀಟರ್: ಮುಳ್ಳು ಯಾಕೆ ಕುಣಿಯಿತು, ಯಾಕೆ ನಿಂತಿತು?

ನಮ್ಮ ಮನೆಯ ಮಾರುತಿ 800 ನೋಂದಣಿಯಾದದ್ದು 2004ರ ಅಕ್ಟೋಬರ್‌ನಲ್ಲಿ, ಧಾರವಾಡದಲ್ಲಿ. ಅಪ್ಪ ನಿವೃತ್ತರಾಗಿ ಪುಣೆಗೆ ನಮ್ಮ ಜೊತೆ ಇರಲು ಬಂದಾಗ ಕಾರೂ ಬಂತು. ಎನ್‌ಒಸಿ, ಇಲ್ಲಿಯ ರಸ್ತೆ ತೆರಿಗೆ, ಹೊಸ ನಂಬರ್ ಪ್ಲೇಟ್ ಎಲ್ಲವೂ ಆಯಿತು. ಊರು ಬಿಟ್ಟು ಬಂದ ನಮ್ಮಂಥವರಿಗೆಲ್ಲ ಈ ಮೆರವಣಿಗೆ ಗೊತ್ತಿರುವುದೇ, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಈಗ ಹೇಳಹೊರಟಿರುವುದು 2024ರ ಮಳೆಗಾಲದಲ್ಲಿ ಆ ಕಾರಿನ ಸ್ಪೀಡೋಮೀಟರ್ ಕೆಟ್ಟಿದ್ದು, ಅದನ್ನು ಹಿಡಿದು ಹೊರಟಾಗ ಕೊನೆಗೆ ಸಿಕ್ಕಿದ್ದು ಏನು ಎಂಬುದು.

ಮೊದಲು ಮುಳ್ಳು ಕುಣಿಯತೊಡಗಿತು. ನಲವತ್ತರಲ್ಲಿ ಹೋಗುತ್ತಿದ್ದರೆ ಮೂವತ್ತಕ್ಕೂ ಐವತ್ತಕ್ಕೂ ನಡುವೆ ತೂಗಾಟ. ವೇಗ ಹೆಚ್ಚಾದಂತೆ ತೂಗಾಟ ಕಡಿಮೆಯಾಗುತ್ತಿತ್ತು. ಒಂದು ವಾರದ ಮೇಲೆ ಡ್ಯಾಶ್‌ಬೋರ್ಡ್ ಒಳಗಿನಿಂದ ಟಿಕ್ ಟಿಕ್ ಸದ್ದು ಸೇರಿಕೊಂಡಿತು. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಸದ್ದು ಜಾಸ್ತಿ, ಬಿಸಿಯಾದ ಮೇಲೆ ಕಡಿಮೆ. ಆಮೇಲೆ ಒಂದು ದಿನ ಆಫೀಸಿಗೆ ಹೋಗುವಾಗ ಕೀಚ್ ಎಂದು ಒಮ್ಮೆ ಕಿರುಚಿ ಮುಳ್ಳು ಸೊನ್ನೆಗೆ ಬಿದ್ದಿತು. ಮತ್ತೆ ಏಳಲಿಲ್ಲ. ಕೆಳಗಿನ ಓಡೋಮೀಟರ್ ಕೂಡ 1,12,486ಕ್ಕೆ ನಿಂತುಬಿಟ್ಟಿತು.

ಇಪ್ಪತ್ತು ವರ್ಷದ ಗಾಡಿಯಲ್ಲಿ ಇದು ಯಾರ ತಪ್ಪೂ ಅಲ್ಲ. ನೆಲ ಸೀದಾ ಕಾಣುವಷ್ಟು ತಗ್ಗು ಗಾಡಿ, ಎಂಜಿನ್ ಸದ್ದಿನಲ್ಲೇ ವೇಗ ತಿಳಿಯುತ್ತದೆ, ಹೆಚ್ಚೆಂದರೆ ಮೊಬೈಲ್ ಇದೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅಕ್ಟೋಬರ್‌ಗೆ ಆರ್‌ಸಿ ಮುಗಿಯುತ್ತಿತ್ತು. ಖಾಸಗಿ ಕಾರಿಗೆ ಮೊದಲು ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2019ರಲ್ಲಿ ಧಾರವಾಡದಲ್ಲೇ ಒಮ್ಮೆ ಮಾಡಿಸಿದ್ದೆವು, ಇದು ಎರಡನೆಯ ಸಲ. ಫಾರ್ಮ್ 25 ತುಂಬಿ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. 2022ರ ಏಪ್ರಿಲ್‌ನಲ್ಲಿ ಇದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 117ನೇ ನಿಯಮ ಪ್ರತಿ ವಾಹನಕ್ಕೂ ಸ್ಪೀಡೋಮೀಟರ್ ಇರಬೇಕು ಎನ್ನುತ್ತದೆ. ಸತ್ತ ಮೀಟರ್ ಇಟ್ಟುಕೊಂಡು ತಪಾಸಣೆಗೆ ಹೋಗುವುದೆಂದರೆ ಹಾಲ್ ಟಿಕೆಟ್ ಇಲ್ಲದೆ ಪರೀಕ್ಷೆಗೆ ಹೋದಂತೆ. ದೆಹಲಿಯ ಓದುಗರು ನಕ್ಕಾರು. ಹಸಿರು ನ್ಯಾಯಮಂಡಳಿಯ 2015ರ ಆದೇಶ, ಅದನ್ನು 2018ರಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟ್, ಇವೆರಡರ ಕಾರಣ ಅಲ್ಲಿ ಹದಿನೈದು ದಾಟಿದ ಪೆಟ್ರೋಲ್ ಕಾರಿಗೆ ಈ ಚಿಂತೆಯ ಭಾಗ್ಯವೂ ಇರಲಿಲ್ಲ.

ನಮ್ಮ ಬಡಾವಣೆಯ ಗ್ಯಾರೇಜಿನಲ್ಲಿ ಕೇಳಿದೆ. ಗಾಡಿಯ ಬಾನೆಟ್ ಕೂಡ ತೆಗೆಯದೆ ಉತ್ತರ ಬಂತು: "ಪೂರಾ ಮೀಟರ್ ಬದಲಿಸಿ. ಹೊಸದು ಸಿಗೋದು ಕಷ್ಟ. ಜೂನಾ ಬಜಾರ್‌ನಲ್ಲಿ ಹಳೇದು ಸಿಗುತ್ತೆ, ಹಾಕಿಕೊಡ್ತೀವಿ." ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ಕೂಡುವ ಹಳೇ ಸಾಮಾನಿನ ಸಂತೆ ಅದು. ಚೆನ್ನೈನವರಿಗೆ ಪುದುಪೇಟೆ, ದೆಹಲಿಯವರಿಗೆ ಮಾಯಾಪುರಿ, ಮುಂಬೈಯವರಿಗೆ ಕುರ್ಲಾ ಹೇಗೋ ಹಾಗೆ. ಅಲ್ಲಿ ಮಾರುತಿ 800ರ ಮೀಟರ್ ಸಿಗುತ್ತದೆ ಎನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ಆದರೆ ಹಳೇ ಮೀಟರ್ ಜೊತೆಗೆ ಇನ್ನೊಂದು ಗಾಡಿಯ ಓಡೋಮೀಟರ್ ಕೂಡ ಬರುತ್ತದೆ. ಅದರಲ್ಲಿ ಅರವತ್ತು ಸಾವಿರ ಇದ್ದರೆ ನಮ್ಮ ಗಾಡಿ ರಾತ್ರೋರಾತ್ರಿ ಐವತ್ತು ಸಾವಿರ ಕಿಲೋಮೀಟರ್ ಚಿಕ್ಕದಾಗುತ್ತದೆ. ಅಪ್ಪನಿಗೆ ಹೇಳಿದಾಗ ಅವರು ಪೇಪರ್‌ನಿಂದ ತಲೆ ಎತ್ತದೆ ಹೇಳಿದರು: "ಗಾಡಿ ಓಡಿದ್ದೆಲ್ಲಾ ಅದರೊಳಗ ಐತಿ. ಅದನ್ನ ತಗದು ಮತ್ತೊಬ್ಬರ ಮೀಟರ್ ಹಾಕಿದ್ರ ಅದು ನಮ್ಮ ಗಾಡಿ ಹೆಂಗ ಆಗತೈತೋ?"

ನನ್ನ ಆಕ್ಷೇಪ ಬೇರೆಯದು. ಆಫೀಸಿನಲ್ಲಿ ಯಾರಾದರೂ ಲಾಗ್ ನೋಡದೆ "ಸರ್ವರ್ ಬದಲಿಸಿ" ಎಂದರೆ ನಮಗೆ ಹೇಗಾಗುತ್ತದೋ ಹಾಗಾಯಿತು. ಎಲ್ಲಿ ಕೆಟ್ಟಿದೆ ಎಂದು ಗೊತ್ತಾಗದೆ ಏನನ್ನೂ ಬದಲಿಸಬಾರದು. ಒಂದು ಶನಿವಾರ ಬಿಡುವು ಮಾಡಿಕೊಂಡೆ.

ಈ ಯಂತ್ರ ಕೆಲಸ ಮಾಡುವ ರೀತಿ ಎಷ್ಟು ಸರಳ ಎಂದರೆ, ತಿಳಿದ ಮೇಲೆ ದೋಷ ಹುಡುಕುವುದು ಅರ್ಧ ಮುಗಿದಂತೆ. ಗೇರ್‌ಬಾಕ್ಸ್‌ನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಹಲ್ಲಿನ ಚಕ್ರ ಇರುತ್ತದೆ. ಗಾಡಿಯ ಚಕ್ರ ತಿರುಗಿದಂತೆ ಅದೂ ತಿರುಗುತ್ತದೆ. ಅದಕ್ಕೆ ಒಂದು ಉದ್ದದ ಕೇಬಲ್. ಹೊರಗೆ ಕೊಳವೆ, ಒಳಗೆ ಉಕ್ಕಿನ ತಂತಿಗಳನ್ನು ಪದರ ಪದರವಾಗಿ ಸುತ್ತಿದ ಹುರಿ. ಹುರಿಯ ಎರಡೂ ತುದಿ ಚೌಕಾಕಾರ. ಬ್ರೇಕ್ ಕೇಬಲ್‌ನಂತೆ ಇದು ಎಳೆಯುವುದಿಲ್ಲ, ಕೊಳವೆಯೊಳಗೆ ತಿರುಗುತ್ತದೆ. ಮೇಲಿನ ತುದಿ ಮೀಟರ್ ಹಿಂಬದಿಯ ಚೌಕದ ತೂತಿನಲ್ಲಿ ಕೂತು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ.

ಇಲ್ಲಿಂದ ಮುಂದೆ ಸ್ವಾರಸ್ಯ. ಅಯಸ್ಕಾಂತದ ಸುತ್ತ ಒಂದು ತೆಳು ಅಲ್ಯೂಮಿನಿಯಂ ಬಟ್ಟಲು. ಎರಡಕ್ಕೂ ನಡುವೆ ಯಾವ ಕೊಂಡಿಯೂ ಇಲ್ಲ, ಒಂದಕ್ಕೊಂದು ತಾಗುವುದೂ ಇಲ್ಲ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವೂ ಅಲ್ಲ. ಆದರೂ ಅಯಸ್ಕಾಂತ ತಿರುಗಿದರೆ ಬಟ್ಟಲಿನಲ್ಲಿ ಎಡ್ಡಿ ಕರೆಂಟ್, ಅಂದರೆ ಸುಳಿ ಪ್ರವಾಹ ಹುಟ್ಟುತ್ತದೆ. ಆ ಪ್ರವಾಹ ತನ್ನದೇ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಬಟ್ಟಲು ಅಯಸ್ಕಾಂತದ ಹಿಂದೆ ಎಳೆದುಕೊಂಡು ಹೋಗಲು ನೋಡುತ್ತದೆ. ಅಯಸ್ಕಾಂತ ಎಷ್ಟು ಜೋರಾಗಿ ತಿರುಗುತ್ತದೋ ಎಳೆತ ಅಷ್ಟು ಹೆಚ್ಚು. ಬಟ್ಟಲು ಪೂರ್ತಿ ತಿರುಗದಂತೆ ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ತಡೆದು ಹಿಡಿಯುತ್ತದೆ. ಎಳೆತವೂ ತಡೆಯೂ ಸಮವಾದ ಜಾಗದಲ್ಲಿ ಬಟ್ಟಲು ನಿಲ್ಲುತ್ತದೆ. ಬಟ್ಟಲಿನ ಕಡ್ಡಿಗೆ ಸಿಕ್ಕಿಸಿದ ಮುಳ್ಳು ನಿಂತ ಜಾಗವೇ ನಿಮ್ಮ ವೇಗ. ಜರ್ಮನಿಯ ಒಟ್ಟೋ ಶುಲ್ಝೆ ಇದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ನೂರು ವರ್ಷ ದಾಟಿದ ಮೇಲೂ ನಮ್ಮ ಮಾರುತಿಯಲ್ಲಿ ಅದೇ ತತ್ವ ಕೂತಿದೆ.

ನೀವೂ ಇದನ್ನು ನೋಡಿದ್ದೀರಿ. ಊರ ಮನೆಯ ಜಗುಲಿಯಲ್ಲಿ ಕಪ್ಪು ಡಬ್ಬಿಯ ಹಳೇ ಕರೆಂಟ್ ಮೀಟರ್ ಇರುತ್ತಿತ್ತಲ್ಲ, ಗಾಜಿನೊಳಗೆ ಅಲ್ಯೂಮಿನಿಯಂ ಬಿಲ್ಲೆಯೊಂದು ಸುತ್ತುತ್ತಿತ್ತಲ್ಲ? ಮಿಕ್ಸರ್ ಹಾಕಿದರೆ ಬಿಲ್ಲೆ ಓಡುವುದನ್ನು ನೋಡಲು ನಾವು ಮಕ್ಕಳೆಲ್ಲ ಸ್ಟೂಲ್ ಹತ್ತುತ್ತಿದ್ದೆವು. ಆ ಬಿಲ್ಲೆಯನ್ನು ಓಡಿಸುತ್ತಿದ್ದದ್ದೂ ಸುಳಿ ಪ್ರವಾಹವೇ, ಪಕ್ಕದ ಅಯಸ್ಕಾಂತದ ಮೂಲಕ ಅದಕ್ಕೆ ಬ್ರೇಕ್ ಹಾಕುತ್ತಿದ್ದದ್ದೂ ಸುಳಿ ಪ್ರವಾಹವೇ.

ಓಡೋಮೀಟರ್ ಮಾತ್ರ ಪಕ್ಕಾ ಹಲ್ಲು ಚಕ್ರದ ಸಂಸಾರ. ಅಯಸ್ಕಾಂತ ಕೂತ ಅದೇ ದಂಡದಿಂದ ಸಣ್ಣ ಗೇರ್‌ಗಳು ಹೊರಟು ಅಂಕಿಯ ಗಾಲಿಗಳನ್ನು ತಳ್ಳುತ್ತವೆ. ಇದೊಂದು ಸಂಗತಿ ತಿಳಿದಿದ್ದರೆ ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ರೋಗ ಎಲ್ಲಿದೆ ಎಂದು ಹೇಳಬಹುದು. ಓಡೋಮೀಟರ್ ಓಡುತ್ತಿದೆ, ಮುಳ್ಳು ಮಾತ್ರ ಸತ್ತಿದೆ ಎಂದರೆ ಕೇಬಲ್ ಚೆನ್ನಾಗಿದೆ, ಬಟ್ಟಲು, ಸ್ಪ್ರಿಂಗ್ ಅಥವಾ ಮುಳ್ಳಿನ ಕಡ್ಡಿಯಲ್ಲಿ ತೊಂದರೆ. ಮುಳ್ಳು ಸರಿ, ಅಂಕಿ ಮಾತ್ರ ನಿಂತಿದೆ ಎಂದರೆ ಒಳಗಿನ ಸಣ್ಣ ಗೇರ್ ಮುರಿದಿದೆ. ಎರಡೂ ಒಟ್ಟಿಗೆ ಸತ್ತರೆ ತಿರುಗುವಿಕೆಯೇ ಮೇಲೆ ಬರುತ್ತಿಲ್ಲ, ಅಂದರೆ ಕೇಬಲ್ ಅಥವಾ ಗೇರ್‌ಬಾಕ್ಸ್‌ನ ಪ್ಲಾಸ್ಟಿಕ್ ಚಕ್ರ. ಸಾಯುವ ಮೊದಲು ಮುಳ್ಳು ಕುಣಿದಿದ್ದರೆ ಕೇಬಲ್ ಮೇಲೆಯೇ ಅನುಮಾನ. ಗ್ರೀಸ್ ಒಣಗಿದ ಹುರಿ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ತಿರುಚಿಕೊಳ್ಳುತ್ತದೆ, ಆಮೇಲೆ ತಟ್ಟನೆ ಬಿಟ್ಟುಕೊಳ್ಳುತ್ತದೆ. ಮುಳ್ಳು ಒಮ್ಮೆ ಹಿಂದೆ, ಒಮ್ಮೆ ಮುಂದೆ. ನಮ್ಮ ಗಾಡಿ ಎಲ್ಲ ಲಕ್ಷಣವನ್ನೂ ಕ್ರಮವಾಗಿ ತೋರಿಸಿಯೇ ನಿಂತಿತ್ತು. "ಪೂರಾ ಮೀಟರ್ ಬದಲಿಸಿ" ಎಂದವರು ಕೆಡದೇ ಇದ್ದ ಒಂದೇ ಭಾಗವನ್ನು ಬದಲಿಸಲು ಹೊರಟಿದ್ದರು.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಕೆಲಸ ಶುರು ಮಾಡಿದೆ. ಮೀಟರ್ ಸುತ್ತಲಿನ ಪ್ಲಾಸ್ಟಿಕ್ ಮರೆ ಬಿಚ್ಚಿ, ಮೀಟರ್ ಹಿಡಿದ ಸ್ಕ್ರೂ ತೆಗೆದು, ಅದನ್ನು ಸ್ವಲ್ಪ ಮುಂದೆ ಎಳೆದು ಹಿಂದೆ ಕೈ ಹಾಕಬೇಕು. ಜೋರಾಗಿ ಎಳೆಯಬಾರದು. ಹಿಂಬದಿಯಲ್ಲಿ ತಾಮ್ರದ ಗೆರೆಗಳ ತೆಳು ಹಾಳೆಯೊಂದಿರುತ್ತದೆ, ಇಂಡಿಕೇಟರ್ ದೀಪಗಳ ವೈರಿಂಗ್ ಅದು. ಹರಿದರೆ ಹೊಸ ತಲೆನೋವು. ಕೇಬಲ್ ಬಿಡಿಸಿ ಒಳಗಿನ ಹುರಿಯನ್ನು ಇಕ್ಕಳದಲ್ಲಿ ಹಿಡಿದು ಎಳೆದೆ. ಒಂದು ಗೇಣು ಉದ್ದದ ತುಂಡು ಬಂತು, ಅಷ್ಟೇ. ಉಳಿದದ್ದು ಗೇರ್‌ಬಾಕ್ಸ್ ಕಡೆಯಿಂದ ಬಂತು. ಗ್ರೀಸ್ ಎಂದು ಕರೆಯಬಹುದಾದದ್ದು ಕಾಡಿಗೆಯಂಥ ಕಪ್ಪು ಪುಡಿಯಾಗಿತ್ತು. ತುಂಡಾದ ಜಾಗದಲ್ಲಿ ತಂತಿಗಳು ಪೊರಕೆಯಂತೆ ಬಿಚ್ಚಿಕೊಂಡಿದ್ದವು.

ಹುರಿ ಅಲ್ಲೇ ಯಾಕೆ ತುಂಡಾಯಿತು ಎಂಬುದು ಮುಖ್ಯ. ಕಾರಣ ತಿಳಿಯದೆ ಹೊಸ ಕೇಬಲ್ ಹಾಕಿದರೆ ಅದೂ ಅಲ್ಲೇ ತುಂಡಾಗುತ್ತದೆ. ಹೊರಕೊಳವೆ ಹಿಡಿದು ನೋಡುತ್ತ ಹೋದೆ. ಎರಡು ವರ್ಷದ ಹಿಂದೆ ಕ್ಲಚ್ ಬದಲಿಸಿದಾಗ ಗೇರ್‌ಬಾಕ್ಸ್ ಇಳಿಸಿದ್ದರು. ತಿರುಗಿ ಜೋಡಿಸುವಾಗ ಕೇಬಲನ್ನು ಒಂದು ರಬ್ಬರ್ ಪೈಪಿನ ಅಡಿಯಿಂದ ತೂರಿಸಿ, ಅಲುಗಾಡದಿರಲಿ ಎಂದು ಪ್ಲಾಸ್ಟಿಕ್ ಟೈನಿಂದ ಬಿಗಿದಿದ್ದರು. ನೋಡಲು ಅಚ್ಚುಕಟ್ಟು. ಆದರೆ ಕಟ್ಟಿದ ಜಾಗದಲ್ಲಿ ಕೊಳವೆ ಮೊಣಕೈಯಂತೆ ಮಡಿಚಿತ್ತು. ಈ ಕೇಬಲ್‌ಗೆ ತಿರುವು ದೊಡ್ಡದಾಗಿರಬೇಕು, ಊಟದ ತಟ್ಟೆಯ ಅಂಚಿನಷ್ಟು ಬಾಗು. ಚಹಾ ಕಪ್ಪಿನ ಅಂಚಿನಷ್ಟಾದರೆ ಹುರಿ ಪ್ರತಿ ಸುತ್ತಿಗೂ ಬಾಗಿ ಬಾಗಿ ದಣಿಯುತ್ತದೆ. ಒಂದು ಕಿಲೋಮೀಟರಿಗೆ ಆರುನೂರು ಚಿಲ್ಲರೆ ಸುತ್ತು, ಎರಡು ವರ್ಷ. ಬದುಕಿದ್ದೇ ಹೆಚ್ಚು.

ಭಾಗ ಸಿಕ್ಕಿದ್ದು ನಾನಾ ಪೇಠ್‌ನಲ್ಲಿ. ಪುಣೆಯ ಓದುಗರಿಗೆ ಆ ಓಣಿಗಳ ಪರಿಚಯ ಹೇಳಬೇಕಿಲ್ಲ, ಸ್ಕೂಟರ್ ನಿಲ್ಲಿಸಲು ಜಾಗ ಸಿಕ್ಕರೆ ಯಾವ ಬಿಡಿಭಾಗವೂ ಸಿಕ್ಕಂತೆ. ಕೌಂಟರಿನ ಹಿರಿಯರಿಗೆ ನನ್ನ ಮರಾಠಿಯಲ್ಲಿ ಹೇಳಿದೆ, "ಕಾಕಾ, ಕಾಟಾ ಹಲತ್ ನಾಹೀ." ಕಾಕಾ ಹುರಿಯ ತುಂಡು ಕೈಗೆ ತೆಗೆದುಕೊಂಡು, ಮೂಸಿ ನೋಡಿ (ಯಾಕೆ ಮೂಸಿದರೋ), ಒಳಗೆ ಹೋಗಿ ಸರಿಯಾದ ಕೇಬಲನ್ನೇ ತಂದರು. 280 ರೂಪಾಯಿ. ಮರಾಠಿಯಲ್ಲಿ ಕಾಟಾ ಎಂದರೆ ಗಿಡದ ಮುಳ್ಳೂ ಹೌದು, ಗಡಿಯಾರದ ಮುಳ್ಳೂ ಹೌದು. ಕನ್ನಡದಲ್ಲೂ ಹಾಗೇ. ಇಂಗ್ಲಿಷ್‌ನವರು ಗಡಿಯಾರಕ್ಕೆ ಕೈ ಅಂಟಿಸಿದರು, ನಾವು ಎರಡು ಪಕ್ಕದ ಊರಿನವರು ಮುಳ್ಳು ಚುಚ್ಚಿದೆವು. ಹಳೇ ಹುರಿಯನ್ನು ಹೊಸದರ ಪಕ್ಕ ಹಿಡಿದು ಉದ್ದ, ಚೌಕದ ತುದಿಯ ಅಳತೆ ಎರಡನ್ನೂ ನೋಡಿಯೇ ಹಣ ಕೊಟ್ಟೆ. ಇದನ್ನು ನೀವೂ ಮಾಡಿ. ಮಾದರಿ ಒಂದೇ ಆದರೂ ವರ್ಷದಿಂದ ವರ್ಷಕ್ಕೆ ತುದಿಯ ಕ್ಲಿಪ್ ಬೇರೆಯಾಗುವುದುಂಟು.

ಹೊಸ ಕೇಬಲ್ ಹಾಕುವ ಮೊದಲು ಎರಡು ಪರೀಕ್ಷೆ. ಮೊದಲನೆಯದು ಮೀಟರ್‌ಗೆ. ಹಳೇ ಹುರಿಯ ಚೌಕದ ತುದಿಯ ತುಂಡನ್ನು ಡ್ರಿಲ್ ಮೆಷಿನ್‌ಗೆ ಸಿಕ್ಕಿಸಿ, ಚೌಕವನ್ನು ಮೀಟರ್ ಹಿಂದಿನ ತೂತಿನಲ್ಲಿಟ್ಟು ನಿಧಾನ ತಿರುಗಿಸಿದೆ. ಒಂದು ದಿಕ್ಕಿನಲ್ಲಿ ಮುಳ್ಳು ಸೊನ್ನೆಯ ಗೂಟಕ್ಕೇ ಒತ್ತಿಕೊಂಡು ಕೂತಿತು. ದಿಕ್ಕು ಬದಲಿಸಿದೆ. ಮುಳ್ಳು ನಯವಾಗಿ ಎದ್ದು ನಿಂತಿತು, ಒಂಚೂರೂ ನಡುಗಲಿಲ್ಲ. ಓಡೋಮೀಟರಿನ ಕೊನೆಯ ಗಾಲಿಯೂ ಹೊರಳಿತು. ಅಡಿಗೆಮನೆಯ ಮೇಜಿನ ಮೇಲೆ ಕಾರು ಓಡುತ್ತಿರುವುದನ್ನು ನೋಡಲು ಮಗಳೂ ಬಂದಳು. ಓಡೋಮೀಟರ್ ಕೂಡ ತಿರುಗುತ್ತದೆ ಎಂಬುದು ನೆನಪಿರಲಿ, ಈ ಆಟ ಅರ್ಧ ನಿಮಿಷಕ್ಕೆ ಸಾಕು.

ಎರಡನೆಯದು ಗೇರ್‌ಬಾಕ್ಸ್ ಚಕ್ರಕ್ಕೆ. ಮುಂದಿನ ಚಕ್ರವೊಂದನ್ನು ಜಾಕ್ ಮೇಲೆತ್ತಿ ಕೈಯಿಂದ ತಿರುಗಿಸುವುದಕ್ಕಿಂತ ಹೊಸ ಕೇಬಲನ್ನು ಕೆಳಗಡೆ ಮಾತ್ರ ಜೋಡಿಸಿ, ಮೇಲಿನ ತುದಿ ಬಿಟ್ಟು, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಾಲ್ಕು ಹೆಜ್ಜೆ ತಳ್ಳಿ ನೋಡುವುದು ಸುಲಭ, ಅಪಾಯವೂ ಇಲ್ಲ. ಕಾವಲುಗಾರರೊಬ್ಬರು ತಳ್ಳಿದರು, ಹುರಿಯ ತುದಿ ಸುತ್ತಿತು. ಪ್ಲಾಸ್ಟಿಕ್ ಹಲ್ಲುಗಳು ಗಟ್ಟಿಯಾಗಿವೆ ಎಂದಾಯಿತು.

ಜೋಡಿಸುವಾಗ ಗ್ರೀಸ್ ವಿಷಯದಲ್ಲಿ ಜಿಪುಣತನ ಇರಲಿ. ಹುರಿಯ ಕೆಳಗಿನ ಮುಕ್ಕಾಲು ಭಾಗಕ್ಕೆ ತೆಳುವಾಗಿ ಸವರಿದರೆ ಸಾಕು. ಮೇಲಿನ ಒಂದು ಗೇಣಿಗೆ ಹಚ್ಚಲೇಬಾರದು. ತಿರುಗುವ ಹುರಿ ಸ್ಕ್ರೂವಿನಂತೆ ಗ್ರೀಸನ್ನು ಮೇಲಕ್ಕೆ ಏರಿಸುತ್ತದೆ, ಅದು ಮೀಟರ್ ಒಳಗೆ ಹೋಗಿ ಅಯಸ್ಕಾಂತಕ್ಕೂ ಬಟ್ಟಲಿಗೂ ನಡುವೆ ಅಂಟಿದರೆ ನಲವತ್ತರಲ್ಲೇ ನಿಮಗೆ ನೂರು ತೋರಿಸುತ್ತದೆ. ಕೇಬಲ್ ದಾರಿಯನ್ನು ಈ ಸಲ ನಾನೇ ನೋಡಿಕೊಂಡೆ. ಟೈ ಇಲ್ಲ, ರಬ್ಬರ್ ಪೈಪಿನ ಮೇಲಿಂದ, ದೊಡ್ಡ ಬಾಗು.

ನಿಮ್ಮ ಕಾರು ಇಷ್ಟು ಹಳೆಯದಲ್ಲ ಎಂದರೆ ಅದರಲ್ಲಿ ಕೇಬಲ್ಲೇ ಇರಲಿಕ್ಕಿಲ್ಲ. ಗೇರ್‌ಬಾಕ್ಸ್‌ನಲ್ಲಿ ಒಂದು ಸೆನ್ಸರ್, ಅಥವಾ ಎಬಿಎಸ್ ಇದ್ದರೆ ಚಕ್ರಗಳ ಸೆನ್ಸರ್ ವೇಗವನ್ನು ವಿದ್ಯುತ್ ಸಂಕೇತವಾಗಿ ಕಳಿಸುತ್ತದೆ, ಪುಟ್ಟ ಮೋಟಾರ್ ಮುಳ್ಳನ್ನು ತಿರುಗಿಸುತ್ತದೆ. ಅಲ್ಲಿ ಡ್ರಿಲ್ ಬದಲು ಓಬಿಡಿ ಸ್ಕ್ಯಾನರ್. ಆನ್‌ಲೈನ್‌ನಲ್ಲಿ ಸಿಗುವ ಸಾಧಾರಣ ಬ್ಲೂಟೂತ್ ಸ್ಕ್ಯಾನರ್ ಸಾಕು. ಗಾಡಿ ಓಡುವಾಗ ಪಕ್ಕದವರು ಮೊಬೈಲಿನಲ್ಲಿ ನೋಡಲಿ: ಸ್ಕ್ಯಾನರ್ ವೇಗ ತೋರಿಸುತ್ತಿದೆ, ಮುಳ್ಳು ತೋರಿಸುತ್ತಿಲ್ಲ ಎಂದರೆ ಮೀಟರ್ ಕೆಟ್ಟಿದೆ. ಸ್ಕ್ಯಾನರ್‌ನಲ್ಲೂ ಸೊನ್ನೆ, ಜೊತೆಗೆ ಪಿ0500 ಎಂಬ ಕೋಡ್ ಬಂದರೆ ಸೆನ್ಸರ್ ಅಥವಾ ಅದರ ವೈರಿಂಗ್. ಸೆನ್ಸರ್ ಕೊಳ್ಳುವ ಮೊದಲು ಅದರ ಪ್ಲಗ್ ಬಿಚ್ಚಿ ಒಳಗೆ ಹಸಿರು ಕಿಲುಬು ಇದೆಯೇ ನೋಡಿ. ಮಳೆಗಾಲದಲ್ಲಿ ಮುಂಬೈ, ಪುಣೆಯ ನೀರು ನಿಂತ ರಸ್ತೆಗಳ ಗಾಡಿಗಳಲ್ಲಿ ರೋಗ ಅಲ್ಲೇ ಇರುವುದು ಹೆಚ್ಚು.

ನಮ್ಮ ಗಾಡಿಯ ಮುಳ್ಳು ಎದ್ದಿತು. ಕುಣಿತವಿಲ್ಲ, ಸದ್ದಿಲ್ಲ. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮೀಟರ್ ತಿರುಗುವುದು ಬೇರೆ, ಸರಿಯಾಗಿ ತೋರಿಸುವುದು ಬೇರೆ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಗೆ ಮೊಬೈಲ್ ಕೊಟ್ಟು, ಜಿಪಿಎಸ್ ವೇಗ ಓದಿಸಿದೆ. ಮುಳ್ಳು 40ರಲ್ಲಿ ಇದ್ದಾಗ ಜಿಪಿಎಸ್ 41, 60ರಲ್ಲಿ 62, 80ರಲ್ಲಿ 83.

ಒಂದೆರಡು ಕಿಲೋಮೀಟರ್ ವ್ಯತ್ಯಾಸ ದೊಡ್ಡದಲ್ಲ ಎನಿಸಬಹುದು. ಆದರೆ ವ್ಯತ್ಯಾಸದ ದಿಕ್ಕು ತಪ್ಪು. ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸಬಾರದು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ತೋರಿಸುವ ವೇಗ ನಿಜ ವೇಗಕ್ಕಿಂತ ಕಡಿಮೆ ಇರಲೇಕೂಡದು, ಹೆಚ್ಚಿದ್ದರೆ ನಿಜ ವೇಗದ ಹತ್ತನೇ ಒಂದು ಪಾಲು ಮತ್ತು ಮೇಲೆ 4 ಕಿ.ಮೀ.ವರೆಗೆ ಇರಬಹುದು. ನಿಜವಾಗಿ ನೂರರಲ್ಲಿ ಹೋಗುತ್ತಿದ್ದರೆ 114 ತೋರಿಸಿದರೂ ಸರಿ, 99 ತೋರಿಸಿದರೆ ಸರಿಯಲ್ಲ. ಅದಕ್ಕೇ ಹೊಸ ಕಾರುಗಳೆಲ್ಲ ಬೇಕೆಂತಲೇ ಸ್ವಲ್ಪ ಹೆಚ್ಚು ತೋರಿಸುತ್ತವೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯ ಕ್ಯಾಮೆರಾಗಳಿಗೆ ನಿಮ್ಮ ಮುಳ್ಳು ಎಲ್ಲಿತ್ತು ಎಂಬುದು ಬೇಕಿಲ್ಲ. ವೇಗ ಮೀರಿದ ಕಾರಿಗೆ 2019ರ ತಿದ್ದುಪಡಿಯ ನಂತರ ದಂಡ ಒಂದರಿಂದ ಎರಡು ಸಾವಿರ. ಮಾರುತಿ 800ರಲ್ಲಿ ನೂರು ದಾಟುವವರು ಯಾರು ಎನ್ನಬೇಡಿ, ಘಾಟಿಯಲ್ಲಿ ಮಿತಿ ಬಹಳ ಕಡಿಮೆ, ಇಳಿಜಾರಿನಲ್ಲಿ ಎಂಥ ಗಾಡಿಯೂ ಓಡುತ್ತದೆ.

ಅಯಸ್ಕಾಂತ ಹಳೆಯದಾಗಿ ಶಕ್ತಿ ಕಳೆದುಕೊಂಡರೂ ಮುಳ್ಳು ಕಡಿಮೆ ತೋರಿಸುತ್ತದೆ. ಆದರೆ ಬಗ್ಗಿ ಟಯರ್ ನೋಡಿದೆ. 145/80 ಆರ್12. ಈ ಗಾಡಿಯ ಮೂಲ ಅಳತೆ 145/70 ಆರ್12. 2019ರ ನವೀಕರಣಕ್ಕೆ ಮೊದಲು ಧಾರವಾಡದಲ್ಲಿ ನಾಲ್ಕೂ ಟಯರ್ ಬದಲಿಸಿದ್ದರು. ಅಂಗಡಿಯಲ್ಲಿ 70 ಇರಲಿಲ್ಲವಂತೆ, "80 ಹಾಕ್ರಿ ಸರ, ಖಡ್ಡಾದಾಗ ಗಾಡಿ ತಳ ಬಡಿಯೂದಿಲ್ಲ" ಎಂದಿದ್ದರಂತೆ. ಅದೂ ನಿಜವೇ, ಗಾಡಿ ಒಂದೂವರೆ ಸೆಂಟಿಮೀಟರ್ ಎತ್ತರವಾಗುತ್ತದೆ.

ಲೆಕ್ಕ ಹಾಕಿ. ಟಯರ್ ಅಗಲ 145 ಮಿ.ಮೀ. ಗೋಡೆಯ ಎತ್ತರ ಅದರ ಶೇ. 70 ಎಂದರೆ 101.5 ಮಿ.ಮೀ., ಶೇ. 80 ಎಂದರೆ 116. ರಿಮ್ 12 ಇಂಚು, ಅಂದರೆ 304.8 ಮಿ.ಮೀ. ಗೋಡೆಯನ್ನು ಎರಡು ಸಲ ಕೂಡಿಸಿ ಸುತ್ತಳತೆ ತೆಗೆದರೆ ಮೊದಲನೆಯದು 1,595 ಮಿ.ಮೀ., ಎರಡನೆಯದು 1,686. ಪ್ರತಿ ಸುತ್ತಿಗೆ ಒಂಬತ್ತು ಸೆಂಟಿಮೀಟರ್ ಹೆಚ್ಚು ದಾರಿ, ಶೇ. 5.7. ಮೀಟರ್ ಪಾಪ ಸುತ್ತು ಎಣಿಸುತ್ತದೆ, ದಾರಿ ಅಳೆಯುವುದಿಲ್ಲ. ಗಾಡಿ ನಿಜವಾಗಿ ಒಂದು ಕಿಲೋಮೀಟರ್ ಹೋದರೆ ಇದು 946 ಮೀಟರ್ ಎಂದು ಬರೆದುಕೊಳ್ಳುತ್ತದೆ.

ಇದನ್ನು ಕೈಯಿಂದಲೇ ನೋಡಬೇಕೆನಿಸಿತು. ಜಪಾನಿ ಪದ್ಧತಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಕಿಲೋಮೀಟರಿಗೆ 637 ಸುತ್ತು ತಿರುಗಬೇಕು. ಮಾರುತಿ 800 ಸುಝುಕಿ ಕುಲದ್ದು, ಅದೇ ಲೆಕ್ಕ ಹಿಡಿದೆ. 50 ಮೀಟರಿಗೆ ಸುಮಾರು 32 ಸುತ್ತು ಬರಬೇಕು. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಟೇಪಿನಿಂದ 25 ಮೀಟರ್ ಅಳೆದು ಸುಣ್ಣದ ಗೆರೆ ಎಳೆದೆ, ಹುರಿಯ ತುದಿಗೆ ಕಾಗದದ ಬಾವುಟ ಅಂಟಿಸಿದೆ. ನಾನೂ ಕಾವಲುಗಾರರೂ ತಳ್ಳಿದೆವು, ಅಪ್ಪ ಸ್ಟೀರಿಂಗ್ ಹಿಡಿದರು, ಮಗಳು ಎಣಿಸಿದಳು. ಎರಡು ಸಲಕ್ಕೆ ಸೇರಿ ಮೂವತ್ತು ಸುತ್ತು, ಮೇಲೆ ಒಂಚೂರು. ಲೆಕ್ಕ 30.1 ಎನ್ನುತ್ತದೆ. ಗೇರ್ ಸರಿ, ಮೀಟರ್ ಸರಿ, ಟಯರ್ ದೊಡ್ಡದು.

ಅಪ್ಪನ ಬಳಿ ಒಂದು ಉದ್ದ ನೋಟ್‌ಬುಕ್ ಇದೆ. ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ತಾರೀಖು, ಓಡೋಮೀಟರ್, ಲೀಟರ್, ಮೈಲೇಜ್, 2004ರಿಂದ. ಅದನ್ನು ತೆರೆದು 2019ಕ್ಕೆ ಹೋದೆ. ಟಯರ್ ಬದಲಿಸುವವರೆಗೆ ಸರಾಸರಿ 18.0. ಆಮೇಲಿನ ವರ್ಷ 17.0. ಪುಟದ ಅಂಚಿನಲ್ಲಿ ಅಪ್ಪನ ಅಕ್ಷರದಲ್ಲಿ "ಬಂಕ್ ಬದಲಿಸಬೇಕು" ಎಂದಿತ್ತು. ಬದಲಿಸಿಯೂ ಇದ್ದರು, ಎರಡು ಸಲ. ಎಂಜಿನ್ ಟ್ಯೂನಿಂಗ್ ಮಾಡಿಸಿದ್ದರು. 18ನ್ನು 0.946ರಿಂದ ಗುಣಿಸಿದರೆ ಬರುವುದು 17.03. ಪೆಟ್ರೋಲ್ ಅಷ್ಟೇ ಸುಟ್ಟಿತ್ತು, ಗಾಡಿ ಅಷ್ಟೇ ಓಡಿತ್ತು, ಓಡಿದ್ದನ್ನು ಮಾತ್ರ ಕಡಿಮೆ ಬರೆಯಲಾಗಿತ್ತು. ಈಚಿನ ಎಥನಾಲ್ ಪೆಟ್ರೋಲ್‌ನ ಪಾಲು ಏನಿದೆಯೋ ಅದು ಬೇರೆಯ ಕಥೆ, ಆ ಇಳಿತ ನೋಟ್‌ಬುಕ್‌ನಲ್ಲಿ ಆಮೇಲೆ ಕಾಣುತ್ತದೆ.

ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಗುಣಾಕಾರ ಮಾಡಿ ನೋಡಿದರು. "ಅಂದ್ರ ಆ ಬಂಕ್‌ನವ ಕಳ್ಳ ಅಲ್ಲೇನು?" ಎಂದರು. ಸ್ವಲ್ಪ ನಿರಾಸೆಯಾದಂತಿತ್ತು.

ಟಯರ್‌ಗಳಿಗೆ ಹೇಗೂ ಐದು ವರ್ಷವಾಗಿತ್ತು, ಗೋಡೆಗಳಲ್ಲಿ ಕೂದಲೆಳೆ ಬಿರುಕು. ತಪಾಸಣೆಗೆ ಮೊದಲು ನಾಲ್ಕೂ 145/70 ಹಾಕಿಸಿದೆವು. ಎರಡು ಅಂಗಡಿ "80 ಹಾಕಿ" ಎಂದವು, ಮೂರನೆಯದು ತರಿಸಿಕೊಟ್ಟಿತು. ಮತ್ತೆ ಜಿಪಿಎಸ್: ಮುಳ್ಳು 60ರಲ್ಲಿ ಇದ್ದಾಗ ಸುಮಾರು 59, 80ರಲ್ಲಿ 78ರ ಮೇಲೆ. ಈಗ ಮುಳ್ಳು ಸ್ವಲ್ಪ ಹೆಚ್ಚೇ ಹೇಳುತ್ತದೆ, ಹೇಳಬೇಕಾದ ದಿಕ್ಕಿನಲ್ಲಿ.

ತಪಾಸಣೆಯ ದಿನ ಇನ್‌ಸ್ಪೆಕ್ಟರ್ ದೀಪ, ಹಾರನ್, ವೈಪರ್ ನೋಡಿದರು, ಚಾಸಿ ನಂಬರ್ ಒರೆಸಿ ಓದಿದರು, ಒಂದು ಸುತ್ತು ಓಡಿಸಿಸಿ ಮೀಟರ್ ಮೇಲೆ ಕಣ್ಣು ಹಾಯಿಸಿದರು. 2029ರವರೆಗೆ ಆರ್‌ಸಿ ಸಿಕ್ಕಿತು. ನೋಟ್‌ಬುಕ್‌ನಲ್ಲಿ ಅಪ್ಪ ಆ ತಿಂಗಳಿಗೆ ಮೂರು ಸಾಲು ಬರೆದಿದ್ದಾರೆ: ಹೊಸ ಕೇಬಲ್ 280, ಮೀಟರ್ ನಿಂತಾಗ ಓಡಿದ್ದು, ಮೊಬೈಲ್ ಪ್ರಕಾರ, 212 ಕಿ.ಮೀ., ಕೂಡಿಸಿಕೊಳ್ಳಬೇಕು, 2019ರಿಂದ ಇಲ್ಲಿಯವರೆಗಿನದ್ದು ಬಿಡುವಾದಾಗ ತಿದ್ದಬೇಕು. ತಿದ್ದುವ ಕೆಲಸ ನಡೆದಿದೆ, ಸದ್ಯಕ್ಕೆ 2021ರ ಮಾರ್ಚ್‌ವರೆಗೆ ಬಂದಿದ್ದಾರೆ.